ಯಾಕೆ ಅಂತ ಕೇಳಿದರೆ ಹೇಳುತ್ತಿದ್ದ ಯಂತ್ರ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತು ಆಗಲೇ ಫೋನ್ ತೆಗೆದವರಿಗೂ ನಮಸ್ಕಾರ.

ಹೋದ ವಾರ ನಿಮ್ಮ ಕಾಲೇಜಿನ ಹುಡುಗನೊಬ್ಬ ಫೋನ್ ಮಾಡಿದ್ದ. "ಸಾರ್, ಎಐ ಬಗ್ಗೆ ಒಂದು ಉಪನ್ಯಾಸ ಬೇಕು. ಆದರೆ ಹಳೇದು ಬೇಡ ಸಾರ್, ಈಗಿನದ್ದು ಹೇಳಿ" ಅಂದ. ನಾನು ರಿಟೈರ್ ಆಗಿ ಎಂಟು ವರ್ಷ ಆಯಿತು. ನನ್ನ ಹತ್ತಿರ ಇರೋದೇ ಹಳೇದು. "ಆಯ್ತಪ್ಪ" ಅಂತ ಒಪ್ಪಿಕೊಂಡೆ, ಇವತ್ತು ಹಳೇದನ್ನೇ ಹೇಳೋಕೆ ಬಂದಿದ್ದೇನೆ. ಅವನು ಇಲ್ಲೇ ಎಲ್ಲೋ ಇರಬೇಕು. ಕ್ಷಮಿಸಿಬಿಡು.

ಕಾರಣ ಇಲ್ಲದೆ ಅಲ್ಲ. ಕಳೆದ ತಿಂಗಳು ನನ್ನ ಪರಿಚಯದವರೊಬ್ಬರು ಸಾಲಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರ ಆಯಿತು. ಜೊತೆಗೆ ನಾನೂ ಹೋಗಿ ವಿಚಾರಿಸಿದೆ. ಕೌಂಟರಿನಲ್ಲಿದ್ದ ಹುಡುಗಿ "ಸಿಸ್ಟಂ ರಿಜೆಕ್ಟ್ ಮಾಡಿದೆ ಸಾರ್" ಅಂದಳು. ಯಾಕೆ ಮಾಡಿತಮ್ಮ? "ಅದು ನಮಗೆ ಕಾಣಲ್ಲ ಸಾರ್." ಪಾಪ, ಆ ಹುಡುಗಿಯ ತಪ್ಪಲ್ಲ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ. ಐವತ್ತು ವರ್ಷದ ಹಿಂದೆ ಒಂದು ಯಂತ್ರ ಇತ್ತು. ಅದಕ್ಕೆ "ಯಾಕೆ?" ಅಂತ ಕೇಳಿದರೆ ಉತ್ತರ ಕೊಡುತ್ತಿತ್ತು.

ಅದರ ಹೆಸರು ಮೈಸಿನ್. ಸ್ಟ್ರೆಪ್ಟೊಮೈಸಿನ್, ಎರಿತ್ರೊಮೈಸಿನ್ ಅಂತ ಮಾತ್ರೆ, ಇಂಜೆಕ್ಷನ್ ಕೇಳಿದ್ದೀರಲ್ಲ, ಅದೇ ಮೈಸಿನ್. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಅನ್ನೋ ವಿದ್ಯಾರ್ಥಿ ತನ್ನ ಪಿಎಚ್‌ಡಿಗೆ ಮಾಡಿದ್ದು. ರಕ್ತಕ್ಕೆ ಸೋಂಕು ತಗುಲಿದ ರೋಗಿಗೆ ಯಾವ ಬ್ಯಾಕ್ಟೀರಿಯಾ ಕಾರಣ, ಯಾವ ಆ್ಯಂಟಿಬಯೋಟಿಕ್ ಎಷ್ಟು ಕೊಡಬೇಕು ಅಂತ ಹೇಳೋದು ಅದರ ಕೆಲಸ. ಲ್ಯಾಬಿನ ವರದಿ ಪೂರ್ತಿ ಬರೋಕೆ ದಿನಗಳೇ ಬೇಕು. ಅಷ್ಟು ಹೊತ್ತು ಕಾದರೆ ರೋಗಿ ಉಳಿಯಲ್ಲ. ಅರ್ಧ ಮಾಹಿತಿ ಇಟ್ಟುಕೊಂಡೇ ತೀರ್ಮಾನ ಮಾಡಬೇಕು.

ಒಳಗೆ ಏನಿತ್ತು? ಸುಮಾರು ಐನೂರು ನಿಯಮ. ಎಲ್ಲವೂ "ಹೀಗಿದ್ದರೆ ಹಾಗೆ" ಅನ್ನೋ ಜಾತಿಯವು. ಒಂದು ಹೇಳುತ್ತೇನೆ. ಜೀವಾಣು ಲ್ಯಾಬಿನ ಬಣ್ಣದ ಪರೀಕ್ಷೆಯಲ್ಲಿ ಗ್ರಾಂ ನೆಗೆಟಿವ್ ಅನ್ನೋ ಗುಂಪಿಗೆ ಸೇರಿದ್ದು, ಆಕಾರ ಕಡ್ಡಿಯಂತಿದ್ದು, ಆಮ್ಲಜನಕ ಇಲ್ಲದೆ ಬೆಳೆಯೋದಾದರೆ, ಅದು ಬ್ಯಾಕ್ಟೀರಾಯ್ಡಿಸ್ ಅನ್ನೋ ಬ್ಯಾಕ್ಟೀರಿಯಾ ಅಂತ ಹೇಳೋಕೆ 0.6ರಷ್ಟು ಆಧಾರ ಇದೆ. ಈ 0.6 ನೋಡಿ. ವೈದ್ಯರು ಯಾವತ್ತಾದರೂ "ಖಂಡಿತ ಇದೇ" ಅಂತಾರಾ? "ಇದೇ ಇರಬಹುದು, ನೋಡೋಣ" ಅಂತಾರೆ. ಆ "ನೋಡೋಣ"ಕ್ಕೆ ಶಾರ್ಟ್‌ಲಿಫ್ ಒಂದು ನಂಬರ್ ಕೊಟ್ಟ. ಇನ್ನೊಂದು ನಿಯಮ ಬೇರೆ ದಾರಿಯಲ್ಲಿ ಬಂದು ಅದೇ ಜೀವಾಣುವಿಗೆ 0.7 ಕೊಟ್ಟಿತು ಅನ್ನಿ. ಎರಡನ್ನೂ ಸುಮ್ನೆ ಕೂಡಿದರೆ 1.3 ಆಗಿಬಿಡುತ್ತೆ. ಪೂರ್ತಿ ಖಚಿತ ಅಂದರೇ 1, ಅದಕ್ಕಿಂತ ಜಾಸ್ತಿಗೆ ಅರ್ಥ ಇಲ್ಲ. ಮೊದಲನೆಯದು ಬಿಟ್ಟ ಅನುಮಾನ 0.4. ಅದರಲ್ಲಿ 0.7 ಭಾಗ, ಅಂದರೆ 0.28 ಸೇರಿಸಿ. 0.88. ಗಣಿತದವರು ಇದನ್ನು ನೋಡಿ ಮೂಗು ಮುರಿದರು. ಸಂಭವನೀಯತೆಯ ಶಾಸ್ತ್ರಕ್ಕೆ ಸರಿಯಾಗಿ ಹೊಂದಲ್ಲ, ನಿಜ. ಆದರೆ ಕೆಲಸ ಮಾಡಿತು.

ಎಷ್ಟು ಚೆನ್ನಾಗಿ ಮಾಡಿತು? 1979ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತದ 10 ಕೇಸುಗಳನ್ನು ಮೈಸಿನ್‌ಗೂ ಕೊಟ್ಟರು, ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕರಿಗೂ ಕೊಟ್ಟರು, ಒಬ್ಬ ವೈದ್ಯಕೀಯ ವಿದ್ಯಾರ್ಥಿಗೂ ಕೊಟ್ಟರು. ಉತ್ತರ ಯಾರದು ಅಂತ ಹೇಳದೆ, ಹೊರಗಿನ 8 ತಜ್ಞರ ಮುಂದೆ ಇಟ್ಟರು. ಮೈಸಿನ್‌ಗೆ ಬಂದದ್ದು ಶೇ. 65. ಪ್ರಾಧ್ಯಾಪಕರಲ್ಲಿ ಜಾಸ್ತಿ ತೆಗೆದವರಿಗೆ ಶೇ. 62.5. ವಿದ್ಯಾರ್ಥಿಗೆ 30. ನಮ್ಮಲ್ಲಾದರೆ ಅವನಿಗೆ ಪಾಸಾಗೋಕೆ ಐದು ಗ್ರೇಸ್ ಮಾರ್ಕ್ಸ್ ಸಾಕಿತ್ತು.

ನನಗೆ ಈ ಅಂಕಿ ಅಷ್ಟು ಮುಖ್ಯ ಅಲ್ಲ. ಮೈಸಿನ್ ವೈದ್ಯರಿಗೆ ಪ್ರಶ್ನೆ ಕೇಳುತ್ತಾ ಹೋಗುತ್ತಿತ್ತು. ರೋಗಿಗೆ ಸುಟ್ಟ ಗಾಯ ಇದೆಯಾ? ಮಾದರಿ ಎಲ್ಲಿಂದ ತೆಗೆದಿರಿ? ನಡುವೆ ವೈದ್ಯರು "ವೈ" ಅಂತ ಟೈಪ್ ಮಾಡಬಹುದಿತ್ತು. ನಿನಗೆ ಇದು ಯಾಕೆ ಬೇಕು? ಆಗ ಅದು ತಾನು ಯಾವ ನಿಯಮವನ್ನು ಪರೀಕ್ಷಿಸುತ್ತಿದ್ದೇನೆ, ಅದರಲ್ಲಿ ಎಷ್ಟು ಈಗಾಗಲೇ ಸಿಕ್ಕಿದೆ, ಏನು ಬಾಕಿ ಇದೆ ಅಂತ ತೋರಿಸುತ್ತಿತ್ತು. ಕೊನೆಗೆ ತೀರ್ಮಾನ ಕೊಟ್ಟಾಗ "ಹೌ" ಅಂದರೆ ಯಾವ ದಾರಿಯಲ್ಲಿ ಬಂದೆ ಅಂತಲೂ ಹೇಳುತ್ತಿತ್ತು. ನಮ್ಮ ಕೌಂಟರಿನ ಹುಡುಗಿಗೆ ಆ ಎರಡು ಪದ ಸಿಕ್ಕಿದ್ದರೆ!

ಈ ಬಗೆಯ ಪ್ರೋಗ್ರಾಮಿಗೆ ಎಕ್ಸ್‌ಪರ್ಟ್ ಸಿಸ್ಟಂ ಅಂತ ಹೆಸರು. ಎರಡು ಭಾಗ ಇರುತ್ತೆ. ನಿಯಮಗಳ ರಾಶಿ ಒಂದು, ಅದು ನಾಲೆಜ್ ಬೇಸ್. ಅದನ್ನು ಓಡಿಸೋದು ಇನ್ನೊಂದು, ಇನ್ಫರೆನ್ಸ್ ಎಂಜಿನ್. ಎರಡೂ ಬೇರೆ ಬೇರೆ ಅನ್ನೋದೇ ಇಲ್ಲಿನ ಜಾಣತನ. ಒರಳು ಒಂದೇ. ದೋಸೆ ಹಿಟ್ಟೂ ರುಬ್ಬಬಹುದು, ಚಟ್ನಿಯೂ ರುಬ್ಬಬಹುದು. ಸ್ಟ್ಯಾನ್‌ಫರ್ಡ್‌ನವರು ಮೈಸಿನ್‌ನಿಂದ ಸೋಂಕಿನ ನಿಯಮಗಳನ್ನೆಲ್ಲ ತೆಗೆದು ಖಾಲಿ ಒರಳು ಮಾಡಿದರು. ಅದಕ್ಕೆ ಇ-ಮೈಸಿನ್ ಅಂತ ಹೆಸರು, ಇ ಅಂದರೆ ಎಂಪ್ಟಿ. ಅದಕ್ಕೇ ಶ್ವಾಸಕೋಶದ ನಿಯಮ ಹಾಕಿದಾಗ ಪಫ್ ಅನ್ನೋ ಹೊಸ ಸಿಸ್ಟಂ ಸಿದ್ಧ.

ಇದರ ಹಿಂದಿನ ದೊಡ್ಡ ತಲೆ ಎಡ್ವರ್ಡ್ ಫೈಗನ್‌ಬಾಮ್. 1965ರಲ್ಲಿ ಡೆಂಡ್ರಲ್ ಶುರು ಮಾಡಿದವರಲ್ಲಿ ಒಬ್ಬರು. ರಾಸಾಯನಿಕದ ಅಣು ಹೇಗಿದೆ ಅಂತ ಊಹಿಸೋ ಪ್ರೋಗ್ರಾಂ ಅದು. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಅವರ ಜೊತೆಗಿದ್ದರು. ಅಲ್ಲಿಯವರೆಗೆ ಜನ ಯಾವ ಸಮಸ್ಯೆಯನ್ನಾದರೂ ಬಿಡಿಸೋ ಒಂದೇ ಬುದ್ಧಿ ಕಟ್ಟಲು ಹೊರಟಿದ್ದರು. ಫೈಗನ್‌ಬಾಮ್ ಹೇಳಿದ್ದು ಬೇರೆ. ತರ್ಕ ಸಾಧಾರಣ ಇದ್ದರೂ ಪರವಾಗಿಲ್ಲ, ವಿಷಯ ಗೊತ್ತಿರಬೇಕು. ಜೊತೆಗೆ ಇನ್ನೊಂದನ್ನೂ ಹೇಳಿದರು. ಕಷ್ಟ ಇರೋದು ಪ್ರೋಗ್ರಾಂ ಬರೆಯೋದರಲ್ಲಿ ಅಲ್ಲ, ತಜ್ಞನ ತಲೆಯಿಂದ ವಿಷಯ ಹೊರತೆಗೆಯೋದರಲ್ಲಿ.

ಇದು ನಿಜವಾಗಿ ನನಗೆ ಅರ್ಥ ಆದದ್ದು ಅರಸೀಕೆರೆ ಕಡೆಯ ಒಂದು ತೆಂಗಿನ ತೋಟದಲ್ಲಿ.

1993. ನನ್ನ ನಾಲ್ಕು ಜನ ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಪಂಪ್‌ಸೆಟ್ ರಿಪೇರಿಯ ಎಕ್ಸ್‌ಪರ್ಟ್ ಸಿಸ್ಟಂ ಮಾಡುತ್ತೇವೆ ಅಂದರು. ಟರ್ಬೊ ಪ್ರೊಲಾಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಒಂದು 386 ಕಂಪ್ಯೂಟರು. ತಜ್ಞ ಯಾರು? ಊರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಯಜಮಾನರು. ಮೂವತ್ತು ವರ್ಷದ ಅನುಭವ. ಟೇಪ್ ರೆಕಾರ್ಡರ್ ಇಟ್ಟುಕೊಂಡು ಮೂರು ಭಾನುವಾರ ಅವರ ಅಂಗಡಿಯಲ್ಲಿ ಕೂತೆವು.

"ಯಜಮಾನ್ರೇ, ನೀರು ಬರ್ತಿಲ್ಲ ಅಂದ್ರೆ ಏನು ನೋಡ್ತೀರಿ?"

"ಏನಾಗಿದೆ ಅಂತ ನೋಡ್ತೀನಿ."

"ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಮೇಷ್ಟ್ರೇ."

ಮೊದಲ ಭಾನುವಾರ ಪೂರ್ತಿ ಇಷ್ಟೇ. ಟೇಪಿನಲ್ಲಿ ಜಾಸ್ತಿ ಕೇಳುತ್ತಿದ್ದದ್ದು ಎದುರಿನ ಹೋಟೆಲಿನ ರೇಡಿಯೊ. ಆಮೇಲೆ ನಿಧಾನಕ್ಕೆ ಬಂತು. ಪೈಪಿಗೆ ತುಂಬಿದ ನೀರು ಮೋಟಾರು ನಿಲ್ಲಿಸಿದ ಮೇಲೆ ಇಳಿದು ಹೋದರೆ ಫುಟ್‌ವಾಲ್ವ್ ಸೋರುತ್ತಿದೆ, ಸದ್ಯಕ್ಕೆ ಸಗಣಿ ನೀರು ಹಾಕಿ. ನೀರು ಬಂದು ಬಂದು ಕಡಿಯುತ್ತಿದ್ದರೆ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ಸ್ಟಾರ್ಟರ್ ಒತ್ತಿದಾಗ ಗುಂಯ್ ಅಂದು ತಿರುಗದಿದ್ದರೆ ಒಂದು ಫೇಸ್ ಹೋಗಿದೆ, ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತೆ. ಹುಡುಗರಿಗೆ ಖುಷಿ. ಎಪ್ಪತ್ತು ನಿಯಮ ಆಯಿತು.

ಆಮೇಲೆ ಒಂದು ದಿನ ಅವರ ಜೊತೆ ತೋಟಕ್ಕೆ ಹೋದೆವು. ಒಬ್ಬ ರೈತನ ಮೋಟಾರು ಓಡುತ್ತಿರಲಿಲ್ಲ. ನಮ್ಮ ಯಜಮಾನರು ಗಾಡಿಯಿಂದ ಇಳಿದವರು ಪಂಪಿನ ಕಡೆ ನೋಡಲೇ ಇಲ್ಲ. ಬದುವಿನ ಮೇಲೆ ನಿಂತು ಕೇಳಿದರು: "ಪಕ್ಕದ ತೋಟದ್ದು ಓಡ್ತಿದೆಯೇನಪ್ಪ?" ಇಲ್ಲ ಅಂದ. "ಹಂಗಾದ್ರೆ ನಿನ್ ಮೋಟ್ರು ಚೆನ್ನಾಗೈತೆ, ಲೈನ್‌ಮ್ಯಾನ್‌ನ ಕರಿ." ವಾಪಸ್ ಗಾಡಿ ಹತ್ತಿದರು.

ನನ್ನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಭಾನುವಾರ, ಎಪ್ಪತ್ತು ನಿಯಮ, ಎಲ್ಲಕ್ಕಿಂತ ಮೊದಲನೆಯದೇ ಇಲ್ಲ! ಇದನ್ನು ಯಾಕೆ ಹೇಳಲಿಲ್ಲ ಯಜಮಾನ್ರೇ ಅಂದರೆ, "ಇದೂ ಹೇಳ್ಬೇಕಾ?" ಅಂತ ನಮ್ಮನ್ನೇ ಕೇಳಿದರು.

ಮುಂದಿನ ತೋಟದಲ್ಲಿ ಮೋಟಾರು ಓಡುತ್ತಿತ್ತು, ಸದ್ದು ಸರಿ ಇರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರೋ ಕಡೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಏನು ಕೇಳುತ್ತೆ? "ಹುರುಳಿ ಹುರಿದಂಗೆ." ಬೇರಿಂಗ್ ಹೋಗಿದೆ ಅಂತ. ಹುಡುಗರು ಅದನ್ನೂ ಹಾಗೇ ಬರೆದುಕೊಂಡರು. ನಮ್ಮ ಪ್ರೋಗ್ರಾಂ "ಸದ್ದು ಹುರುಳಿ ಹುರಿದಂತಿದೆಯೇ?" ಅಂತಲೇ ಕೇಳುತ್ತಿತ್ತು. ರೈತರಿಗೆ ತಕ್ಷಣ ಅರ್ಥ ಆಗುತ್ತಿತ್ತು. ವೈವಾಕ್ಕೆ ಬಂದ ಎಕ್ಸ್‌ಟರ್ನಲ್‌ಗೆ ಆಗಲಿಲ್ಲ. ಹುರುಳಿಯನ್ನು ಡೆಸಿಬೆಲ್‌ನಲ್ಲಿ ಹೇಳಿ ಅಂದರು.

ಬಂತು, ಮೊದಲ ಚೀಟಿ. ಹದಿನೈದು ನಿಮಿಷ ಇದೆಯಂತೆ. ನೋಟ್ಸಿನಲ್ಲಿ ಇನ್ನೂ ನಾಲ್ಕು ಪುಟ ಇದೆ. ಓಡಿಸುತ್ತೇನೆ.

ಮೈಸಿನ್‌ನ "ಯಾಕೆ"ಗೂ ಒಂದು ಮಿತಿ ಇತ್ತು. ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬೇಡಿ ಅನ್ನೋ ನಿಯಮ ಅದಕ್ಕೆ ಗೊತ್ತಿತ್ತು. ಯಾಕೆ ಅಂದರೆ? ನಿಯಮ ಹಾಗಿದೆ, ಅಷ್ಟೇ. ಆ ಔಷಧ ಬೆಳೆಯೋ ಹಲ್ಲಿಗೆ, ಮೂಳೆಗೆ ಅಂಟಿಕೊಳ್ಳುತ್ತೆ, ಹಲ್ಲು ಬಣ್ಣಗೆಡುತ್ತೆ ಅನ್ನೋದು ನಿಯಮ ಬರೆದವರ ತಲೆಯಲ್ಲೇ ಉಳಿದಿತ್ತು. ಸ್ಟ್ಯಾನ್‌ಫರ್ಡ್‌ನವರೇ ಆದ ವಿಲಿಯಂ ಕ್ಲಾನ್ಸಿ ಇದೇ ನಿಯಮಗಳಿಂದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸಲು ಹೋದಾಗ ಈ ತೂತು ಎದ್ದು ಕಂಡಿತು. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ರಾತ್ರಿ ಉಗುರು ಕತ್ತರಿಸಬೇಡ ಅಂತಾರೆ. ಯಾಕಜ್ಜಿ ಅಂದರೆ, ಬೇಡ ಅಂದ್ರೆ ಬೇಡ.

ಮೈಸಿನ್ ಆಸ್ಪತ್ರೆಯಲ್ಲಿ ದಿನನಿತ್ಯದ ಬಳಕೆಗೆ ಬರಲೇ ಇಲ್ಲ. ಒಂದು ಕೇಸಿಗೆ ಅರ್ಧ ಗಂಟೆ ಕೂತು ಟೈಪ್ ಮಾಡಬೇಕಿತ್ತು. ಯಾವ ವೈದ್ಯರಿಗೆ ಅಷ್ಟು ಪುರುಸೊತ್ತು?

ದುಡ್ಡು ಉಳಿಸಿದ್ದು ಎಕ್ಸ್‌ಕಾನ್ ಅನ್ನೋ ಇನ್ನೊಂದು ಎಕ್ಸ್‌ಪರ್ಟ್ ಸಿಸ್ಟಂ. ಕಾರ್ನೆಗಿ ಮೆಲನ್‌ನ ಜಾನ್ ಮ್ಯಾಕ್‌ಡರ್ಮಟ್ ಮಾಡಿದ್ದು. 1980ರಿಂದ ಕಂಪ್ಯೂಟರ್ ತಯಾರಿಸುತ್ತಿದ್ದ ಡಿಇಸಿ ಕಂಪನಿಯಲ್ಲಿ ಓಡಿತು. ವ್ಯಾಕ್ಸ್ ಕಂಪ್ಯೂಟರಿನ ಆರ್ಡರ್ ಬಂದರೆ ಯಾವ ಕೇಬಲ್, ಯಾವ ಬೋರ್ಡ್, ಯಾವ ಕಪಾಟು ಅಂತ ಜೋಡಿಸೋದು. ಮೈಸಿನ್ ಅನುಮಾನದಿಂದ ಹಿಂದಕ್ಕೆ ಆಧಾರ ಹುಡುಕುತ್ತಿತ್ತು. ಇದು ಆರ್ಡರಿನಿಂದ ಶುರು ಮಾಡಿ ಮುಂದಕ್ಕೆ ಹೋಗುತ್ತಿತ್ತು. ನಿಯಮಗಳು ಸಾವಿರ ಸಾವಿರ ಆದವು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡೋ ಸ್ಥಿತಿ ಬಂತು.

ಎರಡು ನಿಯಮ ಒಟ್ಟಿಗೆ "ನಾನು, ನಾನು" ಅಂತ ಎದ್ದು ನಿಂತರೆ ಯಾವುದು ಮೊದಲು? ಈ ಪ್ರಶ್ನೆಯನ್ನು ಪಾಣಿನಿ ಬಹಳ ಹಿಂದೆಯೇ ಎದುರಿಸಿದ್ದ. ವಿಪ್ರತಿಷೇಧೇ ಪರಂ ಕಾರ್ಯಮ್. ಜಗಳ ಬಂದರೆ ಆಮೇಲಿನ ಸೂತ್ರ ಗೆಲ್ಲುತ್ತೆ. ಇಲ್ಲಿ ಒಂದು ಮಾತು ಹೇಳಲೇಬೇಕು. "ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಅಂತ ನಾಸಾ ಹೇಳಿದೆ" ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದರ ಬೇರು ಇಲ್ಲಿದೆ. 1985ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಒಂದು ಲೇಖನ ಬರೆದರು. ವೈಯಾಕರಣರು ವಾಕ್ಯವನ್ನು ಬಿಡಿಸೋ ರೀತಿ, ಎಐನಲ್ಲಿ ತಿಳಿವಳಿಕೆಯನ್ನು ಬರೆದಿಡೋ ರೀತಿ, ಎರಡೂ ಹತ್ತಿರ ಇವೆ ಅಂತ. ಅಷ್ಟೇ. ನಾಸಾ ಏನೂ ಘೋಷಣೆ ಮಾಡಿಲ್ಲ. 1986ರ ಡಿಸೆಂಬರಿನಲ್ಲಿ ಇದೇ ವಿಷಯಕ್ಕೆ ಬೆಂಗಳೂರಿನಲ್ಲಿ ಪಂಡಿತರು, ಕಂಪ್ಯೂಟರಿನವರು ಸೇರಿ ಸಮ್ಮೇಳನವನ್ನೂ ಮಾಡಿದರು. ಒಳ್ಳೆಯ ಲೇಖನಕ್ಕೆ ಹೀಗಾಯಿತಲ್ಲ ಅಂತ ಬೇಜಾರು ನನಗೆ.

ತರ್ಕ ಮಾಡೋ ಹೊಸ ಬಗೆಯ ಕಂಪ್ಯೂಟರ್ ಕಟ್ಟೋ ಜಪಾನಿನ ಐದನೇ ತಲೆಮಾರಿನ ಯೋಜನೆ 1982ರಲ್ಲಿ ಶುರು. ಅದನ್ನು ನೋಡಿ ನಮ್ಮ ದೇಶವೂ 80ರ ದಶಕದಲ್ಲಿ ಕೆಬಿಸಿಎಸ್, ಅಂದರೆ ನಾಲೆಜ್ ಬೇಸ್ಡ್ ಕಂಪ್ಯೂಟರ್ ಸಿಸ್ಟಮ್ಸ್ ಅಂತ ಕಾರ್ಯಕ್ರಮ ಮಾಡಿತು, ನಮ್ಮ ಐಐಎಸ್‌ಸಿಯೂ ಅದರಲ್ಲಿ ಒಂದು ಕೇಂದ್ರ. ಇದರ ಬಗ್ಗೆಯೇ ಎರಡು ಪುಟ ಬರೆದುಕೊಂಡಿದ್ದೆ, ಬಿಡಿ. ಅಮೆರಿಕದ ಡಗ್ಲಸ್ ಲೆನಟ್ 1984ರಲ್ಲಿ ಸೈಕ್ ಅನ್ನೋ ಯೋಜನೆ ಶುರು ಮಾಡಿದರು. ನಮ್ಮ ಯಜಮಾನರು "ಇದೂ ಹೇಳ್ಬೇಕಾ?" ಅಂದರಲ್ಲ, ಅಂಥದ್ದನ್ನೆಲ್ಲ ಬರೆದಿಡೋದೇ ಅವರ ಗುರಿ. ಜೀವಮಾನ ಪೂರ್ತಿ ಬರೆಸಿದರು. ಮುಗಿಯಲಿಲ್ಲ.

80ರ ದಶಕದ ಕೊನೆಗೆ ಕಂಪನಿಗಳು ಎಕ್ಸ್‌ಪರ್ಟ್ ಸಿಸ್ಟಂಗಳ ಕೈ ಬಿಟ್ಟವು. ನಿಯಮಗಳು ಮಾತ್ರ ಎಲ್ಲೂ ಹೋಗಿಲ್ಲ. ತೆರಿಗೆ ಲೆಕ್ಕದ ಸಾಫ್ಟ್‌ವೇರಿನಲ್ಲಿವೆ, ವಿಮೆಯವರ ಹತ್ತಿರ ಇವೆ, ಈಗ ಯಾರೂ ಎಐ ಅನ್ನಲ್ಲ ಅಷ್ಟೇ. ಈಗಿನ ಚಾಟ್ ಯಂತ್ರಕ್ಕೂ ಯಾಕೆ ಅಂತ ಕೇಳಿ ನೋಡಿ. ಸೊಗಸಾಗಿ ಹೇಳುತ್ತೆ, ಮೈಸಿನ್‌ಗಿಂತ ಚೆನ್ನಾಗಿ. ಆದರೆ ಆ ಕಾರಣ ನೀವು ಕೇಳಿದ ಮೇಲೆ ಹೆಣೆದದ್ದು. ಒಳಗೆ ನಡೆದದ್ದು ಅದೇ ಅನ್ನೋದಕ್ಕೆ ಖಾತರಿ ಇಲ್ಲ. ಮೈಸಿನ್ ಮಾತು ಒರಟು, ಆದರೆ ನಡೆದ ದಾರಿಯನ್ನೇ ತೋರಿಸುತ್ತಿತ್ತು.

ಎರಡನೇ ಚೀಟಿ. ಟೀ ಬಂದಿದೆಯಂತೆ. ಪಂಪಿನ ಕತೆಯ ಕೊನೆ ಹೇಳಲಿಲ್ಲ, ಒಂದೇ ನಿಮಿಷ.

ಪ್ರೋಗ್ರಾಂ ಮುಗಿದ ಮೇಲೆ ಯಜಮಾನರನ್ನು ಕಾಲೇಜಿಗೆ ಕರೆದೆವು. ಕೈ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. 386ರ ಮುಂದೆ ಕೂರಿಸಿದೆವು. ಪರದೆಯಲ್ಲಿ ಮೊದಲ ಪ್ರಶ್ನೆ: ಪಕ್ಕದ ತೋಟದ ಮೋಟಾರು ಓಡುತ್ತಿದೆಯೇ? ಒಬ್ಬ ಹುಡುಗ "ಯಾಕೆ" ಅಂತ ಟೈಪ್ ಮಾಡಿ ಓದಿ ಹೇಳಿದ. ಪಕ್ಕದ್ದೂ ಓಡದಿದ್ದರೆ ದೋಷ ನಿಮ್ಮ ಮೋಟಾರಿನದಲ್ಲ, ಲೈನಿನದು.

"ಇದು ನಾನು ಹೇಳಿದ್ದೇ ಅಲ್ವಾ ಮೇಷ್ಟ್ರೇ?" ಅಂತ ನಕ್ಕರು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಅಂದರು: "ತಪ್ಪೈತಲ್ಲ ಇದು. ಪಕ್ಕದ ತೋಟದೋನ್ದು ಬೇರೆ ಟ್ರಾನ್ಸ್‌ಫಾರ್ಮರ್ ಆಗಿದ್ರೆ?"

ಹುಡುಗರು ಅವರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ನಿಯಮ ಟೈಪ್ ಮಾಡಿದರು.

ಸರಿ, ಪ್ರಶ್ನೆ ಇದ್ದವರು ಟೀ ಹಿಡಿದುಕೊಂಡೇ ಕೇಳಿ.