ಕನ್ನಡಿಯೊಳಗಿನ ಕೆರೆ

ಕೇಳುಗರಿಗೆಲ್ಲ ನಮಸ್ಕಾರ.

ಕೋಲಾರದ ಕಡೆಯವರು ಯಾವ ಊರಿಗೆ ಹೋದರೂ ಮೊದಲು ನೋಡುವುದು ನೀರನ್ನು. ಬಸ್ಸು ಕೆರೆ ಏರಿಯ ಮೇಲೆ ಹೋದರೆ ಸಾಕು, ಕಿಟಕಿ ಪಕ್ಕ ಕೂತವರು ಬಗ್ಗಿ ನೋಡಿ "ಈ ಸಲ ಕೋಡಿ ಹೋಗಿತ್ತಾ?" ಅನ್ನುತ್ತಾರೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಹಾಗಾಗಿ ಏಷ್ಯಾದ ನಾಲ್ಕು ದೇಶ ಸುತ್ತಿ ಬಂದ ನನ್ನನ್ನು, ಯಾವ ಜಾಗ ನೆನಪಲ್ಲಿ ಉಳಿಯಿತು, ಯಾವುದು ನಿರಾಸೆ ಮಾಡಿತು ಎಂದು ಕೇಳಿದರೆ ಎರಡಕ್ಕೂ ನೀರಿನ ಮಾತೇ ಬಾಯಿಗೆ ಬರುತ್ತದೆ.

ನಿರಾಸೆಯಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಂಡೋನೇಷ್ಯಾದ ಬಾಲಿ ದ್ವೀಪದ ಪೂರ್ವಕ್ಕೆ ಲೆಂಪುಯಾಂಗ್ ಎಂಬ ಬೆಟ್ಟದ ದೇವಸ್ಥಾನವಿದೆ. ನಡುವೆ ಸೀಳಿದಂತಿರುವ ಎತ್ತರದ ಕಲ್ಲಿನ ಬಾಗಿಲು, ಅದರಾಚೆ ದೂರದಲ್ಲಿ ಆಗುಂಗ್ ಜ್ವಾಲಾಮುಖಿ. ಮಗಳು ಫೋನಿನಲ್ಲಿ ತೋರಿಸಿದ್ದ ಚಿತ್ರದಲ್ಲಿ ಬಾಗಿಲ ಮುಂದೆ ತಿಳಿನೀರು ತುಂಬಿದ ಕೆರೆ. ಬಾಗಿಲೂ ಮೋಡವೂ ಅದರೊಳಗೆ ತಲೆಕೆಳಗಾಗಿ ಕಾಣುತ್ತಿದ್ದವು. ಬೆಟ್ಟದ ಮೇಲೆ ಅಷ್ಟು ನೀರು ಹೇಗೆ ನಿಂತಿತು, ಕಟ್ಟೆ ಎಲ್ಲಿ ಕಟ್ಟಿದ್ದಾರೆ, ನೋಡಲೇಬೇಕು ಅನ್ನಿಸಿತು. ಬೆಳಕು ಹರಿಯುವ ಮುಂಚೆ ಹೊರಟು, ಚೀಟಿ ತೆಗೆದುಕೊಂಡು, ಮೂರು ಗಂಟೆ ಕಾದೆ.

ಅಲ್ಲಿ ಕೆರೆ ಇರಲಿಲ್ಲ. ಒಣ ಕಲ್ಲುಹಾಸು. ಚಿತ್ರ ತೆಗೆಯುವ ಹುಡುಗ ಅಂಗೈಯಗಲದ ಕನ್ನಡಿಯನ್ನು ಫೋನಿನ ಕ್ಯಾಮೆರಾಗೆ ತಾಗಿಸಿ ಹಿಡಿಯುತ್ತಿದ್ದ. ಕೆರೆ ಇದ್ದದ್ದು ಆ ಕನ್ನಡಿಯೊಳಗೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅದು ಅವನ ಅನ್ನ. ದೇವಸ್ಥಾನದ ತಪ್ಪಂತೂ ಏನೂ ಇಲ್ಲ, ಬಾಲಿಯ ಜನರಿಗೆ ಅದು ಬಹಳ ಪವಿತ್ರವಾದ ಜಾಗ. ನೋವಾದದ್ದು ಅದಕ್ಕೇ. ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವಿಟ್ಟುಕೊಂಡು ಪೂಜೆಗೆ ಹೋಗುತ್ತಿದ್ದ ಹೆಂಗಸರ ಕಡೆ ಸಾಲಿನಲ್ಲಿ ನಿಂತಿದ್ದ ನಾವ್ಯಾರೂ ತಿರುಗಿಯೂ ನೋಡಲಿಲ್ಲ.

ಸಿಂಗಪುರದ ಮೆರ್ಲಯನ್, ಸಿಂಹದ ತಲೆ ಮೀನಿನ ಮೈಯ 8.6 ಮೀಟರ್ ಎತ್ತರದ ಮೂರ್ತಿ, 1972ರಲ್ಲಿ ನಿಲ್ಲಿಸಿದ್ದು, ಬಾಯಲ್ಲಿ ನೀರು ಚಿಮ್ಮಿಸುತ್ತದೆ. ಹತ್ತು ನಿಮಿಷ ನೋಡಿ ಬಂದೆವು. ಥಾಯ್ಲೆಂಡಿನ ಮಾಯಾ ಕೊಲ್ಲಿಯ ವಿಷಯ ಬೇರೆ. ಪ್ರವಾಸಿಗರ ನೂಕುನುಗ್ಗಲು, ದೋಣಿಗಳ ಲಂಗರಿನಿಂದ ಹವಳ ಹಾಳಾಗಿ 2018ರಲ್ಲಿ ಅಲ್ಲಿನ ಸರ್ಕಾರ ಕೊಲ್ಲಿಯನ್ನೇ ಮುಚ್ಚಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳನ್ನು ಒಳಗೆ ಬಿಡಲಿಲ್ಲ. ಈಜಲು ಬಿಡುವುದಿಲ್ಲ ಎಂದು ಜೊತೆಯವರು ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಸಮಾಧಾನವಾಯಿತು.

ಕಾಂಬೋಡಿಯಾದಲ್ಲಿ 12ನೇ ಶತಮಾನದ ಅಂಕೋರ್ ವಾಟ್ ಇದೆ. ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ್ದು. ಅದರ ಗೋಡೆಯ ಮೇಲಿನ ಸಮುದ್ರಮಥನವನ್ನು ನೋಡಲು ಎರಡು ಕಣ್ಣು ಸಾಲವು. ಆದರೂ ನಾನು ಹೆಚ್ಚು ಹೊತ್ತು ನಿಂತದ್ದು ಪಶ್ಚಿಮ ಬರಾಯ್ ಏರಿಯ ಮೇಲೆ. 11ನೇ ಶತಮಾನದ ಕೆರೆ ಅದು. ಉದ್ದ ಸುಮಾರು 8 ಕಿಲೋಮೀಟರ್, ಅಗಲ 2 ಕಿಲೋಮೀಟರಿಗೂ ಮಿಕ್ಕಿ. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೋಳರು ಶಾಸನ ಬರೆಸಿದ್ದೂ ಅದೇ ಶತಮಾನದಲ್ಲಿ. ಆ ಬರಾಯ್‌ನಲ್ಲಿ ಇಂದಿಗೂ ನೀರಿದೆ.

ಆದರೆ ಮನೆಯವರೆಗೂ ನನ್ನ ಜೊತೆ ಬಂದದ್ದು ಬಾಲಿಯದೇ ಇನ್ನೊಂದು ಜಾಗ, ಜತಿಲುವಿಹ್. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಅಲ್ಲಿ ನೀರು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಕ್ ಎನ್ನುತ್ತಾರೆ. ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಅಳತೆ ಮಾಡಿ ಕೊರೆದ ಕಚ್ಚುಗಳು. ಇವನ ಗದ್ದೆಗೆ ಇಷ್ಟು ಅಗಲ, ಅವನ ಗದ್ದೆಗೆ ಅಷ್ಟು ಅಗಲ. ಮಂಡಿಯೂರಿ ಬೆರಳಿಟ್ಟು ನೋಡಿದೆ. ಪಾಚಿ ಹಿಡಿದು ನುಣ್ಣಗಾದ ಕಚ್ಚಿನಲ್ಲಿ ನೀರು ಸದ್ದಿಲ್ಲದೆ ಜಾರುತ್ತಿತ್ತು.

1970ರ ದಶಕದಲ್ಲಿ ಹೊಸ ತಳಿ ಬಂದಾಗ, ನೀರಿನ ದೇವಸ್ಥಾನಗಳು ಗೊತ್ತು ಮಾಡುತ್ತಿದ್ದ ನೀರು, ಬೆಳೆಯ ಸರದಿ ಬಿಟ್ಟು ವರ್ಷವಿಡೀ ಬೆಳೆಯಿರಿ ಎಂದು ಅಲ್ಲಿನ ರೈತರಿಗೆ ಹೇಳಲಾಯಿತು. ಕೀಟಬಾಧೆ ಮಿತಿಮೀರಿತು. ಸುತ್ತಲ ಗದ್ದೆಗಳೆಲ್ಲ ಒಟ್ಟಿಗೆ ಬೆಳೆದು ಒಟ್ಟಿಗೆ ಖಾಲಿಯಾದರೆ ಕೀಟಕ್ಕೆ ಇರಲು ಜಾಗವಿರುವುದಿಲ್ಲ. ನೀರಿನ ದೇವಸ್ಥಾನಗಳ ಸರದಿ ಮಾಡುತ್ತಿದ್ದ ಕೆಲಸ ಅದೇ. ಕಡೆಗೆ ಹಳೆಯ ಸರದಿಗೇ ಮರಳಿದರು.

ನಮ್ಮ ತಾತ ನೀರುಗಂಟಿ. ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಕೊನೇ ಗದ್ದೆಗೂ ನೀರು ಮುಟ್ಟಿಸುವುದು, ಸುಗ್ಗಿಯಲ್ಲಿ ಕಣದಲ್ಲೇ ತಮ್ಮ ಆಯದ ಭತ್ತ ಅಳೆಸಿಕೊಳ್ಳುವುದು. ಸುಬಕ್ಕಿನ ಹಿರಿಯನನ್ನು ಅಲ್ಲಿ ಪೆಕಾಸೆ ಎಂದು ಕರೆಯುತ್ತಾರೆ. ಆ ಮಾತು ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ಹೆಗಲ ಮೇಲೆ ಗುದ್ದಲಿ ಹೊತ್ತ ತಾತ. ಬೋರ್‌ವೆಲ್ ಬಂದ ಮೇಲೆ ನಮ್ಮೂರಲ್ಲಿ ತೂಬೂ ಯಾರಿಗೂ ಬೇಡವಾಯಿತು, ನೀರುಗಂಟಿಯೂ ಬೇಡವಾದ.

ಊರಿಗೆ ಬಂದು ಆ ದಿಮ್ಮಿಯ ಫೋಟೊವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ ಹೇಳಿದರು: "ನಮ್ ತೂಬಿಗೂ ಮೂರು ಕಣ್ಣಿದ್ವು ಮಗಾ. ನಿಮ್ ತಾತ ಮೇಲಿನ ಕಣ್ಣು ಮೊದಲು ತೆಗೀತಿದ್ರು."

ಮಾರನೇ ದಿನ ಇಬ್ಬರೂ ಏರಿಯ ಮೇಲೆ ನಡೆದುಕೊಂಡು ಹೋದೆವು. ಜಾಲಿ ಮುಳ್ಳು ಸರಿಸಿದಾಗ ತೂಬಿನ ಕಲ್ಲುಕಂಬ ಸಿಕ್ಕಿತು. ಒಂದು ಕಣ್ಣು ಕಾಣುತ್ತಿತ್ತು. ಉಳಿದೆರಡು ಹೂಳಿನ ಕೆಳಗಿದ್ದವು.

ನಮಸ್ಕಾರ.