ಮಳೆಗಾಲದ ಬೆಕ್ಕು, ಮರಳಿನ ಟ್ರೇ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿಯಿತು ಅಂದರೆ ನನ್ನ ಹತ್ತಿರ ಒಂದು ದೂರು ಜಾಸ್ತಿಯಾಗುತ್ತದೆ. "ಡಾಕ್ಟ್ರೇ, ನಮ್ಮ ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತದೆ. ಟ್ರೇ ತಂದಿಟ್ಟಿದ್ದೇವೆ, ಅದರ ಕಡೆ ತಿರುಗಿಯೂ ನೋಡುವುದಿಲ್ಲ." ಹೇಳುವವರ ಮುಖದಲ್ಲಿ ಸಿಟ್ಟೂ ಇರುತ್ತದೆ, ನಾಚಿಕೆಯೂ ಇರುತ್ತದೆ. ದನ ಹಿಡಿದುಕೊಂಡು ಬಂದವರ ಮುಂದೆ ಇದನ್ನು ಹೇಗೆ ಹೇಳುವುದು ಅಂತ ದನಿ ತಗ್ಗಿಸುವವರೂ ಇದ್ದಾರೆ.

ಬೇಸಿಗೆಯಲ್ಲಿ ಈ ತಾಪತ್ರಯ ಇರಲಿಲ್ಲ, ಅಲ್ವಾ? ಆಗ ಬೆಕ್ಕಿಗೆ ಹಿತ್ತಲಿತ್ತು. ತೆಂಗಿನ ಬುಡದ ಮರಳು, ಕೊಟ್ಟಿಗೆ ಹಿಂದಿನ ಸಡಿಲ ಮಣ್ಣು, ಕಟ್ಟಡ ಕಟ್ಟುವವರು ರಸ್ತೆ ಬದಿಗೆ ಸುರಿದ ಜಲ್ಲಿ-ಮರಳಿನ ರಾಶಿ. ಕೆರೆದು, ಕೂತು, ಮುಚ್ಚಿ ಬರುತ್ತಿತ್ತು. ನಮಗೆ ಗೊತ್ತೂ ಆಗುತ್ತಿರಲಿಲ್ಲ. ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಒಣಗಿದ, ನುಣುಪಾದ, ಕಾಲಿಗೆ ಸಡಿಲವಾಗಿ ಸಿಗುವ ಮಣ್ಣೇ ಅದಕ್ಕೆ ಬೇಕು. ನಮ್ಮ ಕರಾವಳಿಯ ಜೂನ್, ಜುಲೈನಲ್ಲಿ ಹಿತ್ತಲೆಲ್ಲ ಕೆಸರು. ಅಲ್ಲಿ ಕಾಲಿಡಲು ಮನಸ್ಸಿಲ್ಲದ ಬೆಕ್ಕು ಮನೆಯೊಳಗೆ ಮೆತ್ತಗಿರುವ, ಒಣಗಿರುವ, ಹೀರಿಕೊಳ್ಳುವ ಜಾಗ ಹುಡುಕುತ್ತದೆ. ಹಾಸಿಗೆ, ಒಗೆಯುವ ಬಟ್ಟೆ ರಾಶಿ, ಗೋಣಿಚೀಲ, ಕಾಲೊರೆಸುವ ಮ್ಯಾಟು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ಅಟ್ಟದ ಅಡಿಕೆ ಚೀಲಕ್ಕೇ ಹೊಯ್ದುಬಿಟ್ಟರೆ ಯಜಮಾನರ ಕೂಗು ಪಕ್ಕದ ಮನೆಗೂ ಕೇಳುತ್ತದೆ.

"ನಾವು ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೆವು, ಅದಕ್ಕೇ ಸೇಡು ತೀರಿಸಿಕೊಳ್ಳುತ್ತಿದೆ" ಅನ್ನುತ್ತಾರೆ. ಬೆಕ್ಕಿಗೆ ಅಷ್ಟೆಲ್ಲ ಲೆಕ್ಕ ಇಲ್ಲ. ಟ್ರೇ ಬಿಟ್ಟು ಬೇರೆ ಕಡೆ ಹೋಗುತ್ತಿದ್ದರೆ ಒಂದೋ ಅದಕ್ಕೆ ನೋವಿದೆ, ಇಲ್ಲವೇ ಏನೋ ಹೆದರಿಕೆ, ಇಲ್ಲವೇ ಆ ಟ್ರೇ ಅದಕ್ಕೆ ಹಿಡಿಸಿಲ್ಲ. ಮೊದಲು ನೋಡಬೇಕಾದ್ದು ನೋವು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಡವಾದರೆ ಬೆಕ್ಕಿನ ಜೀವ ಹೋಗುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಯಲ್ಲಿ ಬಹಳ ಸಪೂರ. ಮೂತ್ರದಲ್ಲಿ ಸಣ್ಣ ಹರಳು, ಲೋಳೆ ಸೇರಿ ಅಲ್ಲಿ ಕಟ್ಟಿಕೊಂಡರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಬೆಕ್ಕು ಮತ್ತೆ ಮತ್ತೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಹಿಂಭಾಗ ನೆಕ್ಕುತ್ತಲೇ ಇರುತ್ತದೆ. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಅಂಥ ಒಂದು ಬೆಕ್ಕಿನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದೆ. ಒಳಗೆ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿದ್ದು ತುಂಬಿ ನಿಂತ ಮೂತ್ರಕೋಶ. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಸೇರುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಎರಡು-ಮೂರು ದಿನದಲ್ಲಿ ಎಲ್ಲ ಮುಗಿಯಬಹುದು. ಹಾಗಾಗಿ ಗಂಡು ಬೆಕ್ಕು ಕೂತು ಕೂತು ಏಳುತ್ತಿದೆ, ನೆಲ ಒದ್ದೆಯಾಗಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ. ನೋವು ಕಡಿಮೆಯಾಗಲಿ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಟ್ಟುಬಿಡುತ್ತಾರೆ. ದಯವಿಟ್ಟು ಬೇಡ. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಕಟ್ಟಿಕೊಳ್ಳದಿದ್ದರೂ ಉರಿ ಇರಬಹುದು. ಹನಿ ಹನಿಯಾಗಿ ಹೊಯ್ಯುತ್ತದೆ, ಕೆಲವೊಮ್ಮೆ ರಕ್ತ ಕಾಣುತ್ತದೆ. ಎಳೆ ಪ್ರಾಯದ ಬೆಕ್ಕುಗಳಲ್ಲಿ ಇದಕ್ಕೆ ಸೋಂಕು ಕಾರಣವಾಗುವುದು ಕಡಿಮೆ. ಹೆಚ್ಚಾಗಿ ಮನೆಯ ಗಲಾಟೆ, ಹೆದರಿಕೆ, ಹೊಸ ಬೆಕ್ಕಿನ ಜೊತೆ ಜಗಳ, ಇಂಥದ್ದರಿಂದ ಮೂತ್ರಕೋಶ ಊದಿಕೊಂಡಿರುತ್ತದೆ. ಕಳೆದ ಸಲ ಉಳಿದ ಆ್ಯಂಟಿಬಯೋಟಿಕ್ ಇದೆಯಲ್ಲ ಅಂತ ನೀವೇ ಕೊಡುವುದರಿಂದ ಉಪಯೋಗವಿಲ್ಲ. ವಯಸ್ಸಾದ ಬೆಕ್ಕು ಜಾಸ್ತಿ ನೀರು ಕುಡಿದು ಜಾಸ್ತಿ ಹೊಯ್ಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಮೊಣಕಾಲು ಹಿಡಿದುಕೊಂಡ ಮುದಿ ಬೆಕ್ಕಿಗೆ ಟ್ರೇಯ ಎತ್ತರದ ಅಂಚು ದಾಟುವುದೇ ಕಷ್ಟ. ಇನ್ನೊಂದು ವಿಷಯ. ಟ್ರೇಯಲ್ಲಿ ಕೂತಾಗ ನೋವಾಯಿತು ಅಂದರೆ ಬೆಕ್ಕು ಟ್ರೇಯನ್ನೇ ದೂರುತ್ತದೆ. ಕಾಯಿಲೆ ವಾಸಿಯಾದ ಮೇಲೂ ಅದರ ಹತ್ತಿರ ಬರುವುದಿಲ್ಲ. ಆಗ ಬೇರೆ ಟ್ರೇ, ಬೇರೆ ಮರಳು, ಬೇರೆ ಜಾಗ.

ಮಳೆಗಾಲಕ್ಕೂ ಮೂತ್ರಕ್ಕೂ ನಮ್ಮ ಕಡೆ ಇನ್ನೊಂದು ನಂಟಿದೆ, ಮೀನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಪೇಟೆಯಲ್ಲಿ ಹಸಿ ಮೀನಿಗೆ ಕೈ ಹಾಕುವ ಹಾಗಿಲ್ಲ. ಮನೆಯವರ ಜೊತೆ ಬೆಕ್ಕಿಗೂ ಒಣಮೀನು. ಹಸಿ ಮೀನಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಒಣಮೀನಿನಲ್ಲಿ ಇರುವುದು ಉಪ್ಪು. ಬೆಕ್ಕು ತಾನಾಗಿ ಹೋಗಿ ನೀರು ಕುಡಿಯುವ ಪ್ರಾಣಿಯೂ ಅಲ್ಲ. ಮೂತ್ರ ಗಟ್ಟಿಯಾಗುತ್ತದೆ, ತೊಂದರೆ ಶುರುವಾಗುತ್ತದೆ. ಒಣಮೀನು ಬಿಟ್ಟು, ಒಂದು ತುಂಡು ಕೋಳಿಯನ್ನೋ ಸಿಕ್ಕಿದ ಹಸಿ ಮೀನನ್ನೋ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಬೆಂದ ನೀರಿನ ಸಮೇತ ಕೊಡಿ. ಅಗಲ ಬಾಯಿಯ ಪಾತ್ರೆಯಲ್ಲಿ ಎರಡು-ಮೂರು ಕಡೆ ನೀರಿಡಿ. ಬರೀ ಹಾಲನ್ನ ಹಾಕಿ ಬೆಕ್ಕು ಸಾಕುವ ಮನೆಗಳೂ ಇವೆ. ಆ ಬಗ್ಗೆ ನನ್ನ ಜಗಳ ಬೇರೆ ಇದೆ, ಇವತ್ತು ಬೇಡ.

ಈಗ ಟ್ರೇ. ಕುಮಟಾದ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಚ್ಚಲಿನಲ್ಲಿ ವಾಷಿಂಗ್ ಮಷೀನಿನ ಪಕ್ಕ ಮುಚ್ಚಳವಿರುವ ಟ್ರೇ. ಬಾಗಿಲು ತೆಗೆಯುತ್ತಲೇ ಫಿನಾಯಿಲ್ ವಾಸನೆ. ಮನೆಯಾಕೆ ಬಹಳ ಶುಚಿಯವರು, ಟ್ರೇಯನ್ನು ದಿನಾ ಫಿನಾಯಿಲಿನಲ್ಲಿ ತೊಳೆಯುತ್ತಿದ್ದರು. ಬೆಕ್ಕು ಬಂತು, ಒಳ್ಳೆ ದಪ್ಪ ಪಟ್ಟೆಬೆಕ್ಕು. ಮುಂಗಾಲು ಎರಡೂ ಒಳಗಿಟ್ಟು ಮೂಸಿತು. ಮುಚ್ಚಳದ ಅಡಿ ಅದರ ಮೈ ಅರ್ಧವೂ ಹಿಡಿಸಲಿಲ್ಲ. ಒಂದು ಕಾಲು ಝಾಡಿಸಿ ಹಿಂದೆ ಸರಿಯಿತು, ಸೀದಾ ಬಟ್ಟೆ ಬುಟ್ಟಿಗೆ ನಡೆಯಿತು. ಬೆಕ್ಕು ಎಲ್ಲವನ್ನೂ ಹೇಳಿಯಾಗಿತ್ತು, ನಾನು ಹೇಳುವುದು ಉಳಿದಿರಲಿಲ್ಲ.

ಮುಚ್ಚಳ ತೆಗೆಸಿದೆ. ಟ್ರೇ ಬದಲು ಅಗಲವಾದ, ತಗ್ಗು ಅಂಚಿನ ಪ್ಲಾಸ್ಟಿಕ್ ಬೇಸಿನ್ ಇಡಿಸಿದೆ. ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟಾದರೂ ಇರಬೇಕು, ಪೇಟೆಯಲ್ಲಿ ಸಿಗುವ ಹೆಚ್ಚಿನ ಟ್ರೇಗಳು ಮರಿಗೆ ಸರಿ ಅಷ್ಟೆ. ಮಷೀನಿನ ಸದ್ದಿಲ್ಲದ, ಊಟದ ತಟ್ಟೆಯಿಂದ ದೂರದ ಮೂಲೆ ಹುಡುಕಿದೆವು, ಜಗುಲಿಯ ಕೊನೆ ಸಿಕ್ಕಿತು. ಎರಡು ಇಂಚು ಮರಳು. ತೊಳೆಯಲು ಬರೀ ಸೋಪು, ನೀರು. ಫಿನಾಯಿಲಿನ ವಾಸನೆ ಬೆಕ್ಕಿಗೆ ಹಿಡಿಸುವುದಿಲ್ಲ ಅನ್ನುವುದಷ್ಟೇ ಅಲ್ಲ, ಅದರಲ್ಲೂ ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು. ಕಾಲಿಗೆ ಅಂಟಿದ್ದನ್ನು ನೆಕ್ಕಿಕೊಳ್ಳುತ್ತದಲ್ಲ. ಆ ಬೆಕ್ಕು ಬೇಸಿನ್ ಒಪ್ಪಿಕೊಂಡಿತು. ಬಟ್ಟೆ ಬುಟ್ಟಿಯ ಚಾಳಿ ಪೂರ್ತಿ ಹೋಗಲು ಮಾತ್ರ ಸಮಯ ಹಿಡಿಯಿತು, ಅಷ್ಟು ದಿನ ಬುಟ್ಟಿಯನ್ನು ಕಪಾಟಿನೊಳಗಿಟ್ಟರು.

ಮರಳು ಯಾವುದು ಅಂತ ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ, ಸುವಾಸನೆ ಇಲ್ಲದ, ಒದ್ದೆಯಾದರೆ ಗಂಟು ಕಟ್ಟುವ ಸಣ್ಣ ಕಾಳಿನದ್ದು ಬೆಕ್ಕುಗಳಿಗೆ ಸಾಮಾನ್ಯವಾಗಿ ಇಷ್ಟ. ದುಡ್ಡು ಜಾಸ್ತಿ ಅನ್ನಿಸಿದರೆ ಬೇಸಿಗೆಯಲ್ಲೇ ಸಣ್ಣ ಮರಳು ತೊಳೆದು, ಬಿಸಿಲಿಗೆ ಒಣಗಿಸಿ, ಡ್ರಮ್ಮಿನಲ್ಲಿ ಮುಚ್ಚಿಡಿ. ಬಚ್ಚಲ ಒಲೆಯ ಬೂದಿ ಬೇಡ, ಕಾಲಿನ ಚರ್ಮ ಕೆರೆಯುತ್ತದೆ. ದಿನಕ್ಕೆ ಎರಡು ಸಲ ಗಲೀಜು ತೆಗೆಯಿರಿ. ಬೆಕ್ಕುಗಳು ಎಷ್ಟೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ, ಬೇರೆ ಬೇರೆ ಕಡೆ. ಒಂದರ ಪಕ್ಕ ಒಂದು ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ.

ಬೆಕ್ಕು ಕೂರದೆ, ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತಾ ಗೋಡೆಗೋ ಪರದೆಗೋ ಚಿಮ್ಮಿಸುತ್ತಿದ್ದರೆ ಅದು ಬೇರೆ ಕಥೆ. ಅದು ಗಡಿ ಗುರುತು. ಗಂಡು ಬೆಕ್ಕಿಗೆ ಬೀಜ ತೆಗೆಸಿದರೆ ಹೆಚ್ಚಿನವು ಬಿಡುತ್ತವೆ. ಐದಾರು ತಿಂಗಳ ಪ್ರಾಯದಲ್ಲೇ ಮಾಡಿಸುವುದು ಒಳ್ಳೆಯದು.

ಇನ್ನು ವಾಸನೆ. ಕರಾವಳಿಯ ಮಳೆಗಾಲದಲ್ಲಿ ಒಣಗಿತು ಅಂದುಕೊಂಡದ್ದು ಒಣಗಿರುವುದಿಲ್ಲ. ಗಾಳಿಯ ತೇವ ತಾಗಿದರೆ ಹಳೇ ಕಲೆ ಮತ್ತೆ ನಾರುತ್ತದೆ, ಬೆಕ್ಕು ಮತ್ತೆ ಅಲ್ಲಿಗೇ ಹೋಗುತ್ತದೆ. ಹೊಸದಾದರೆ ಪೇಪರ್ ಒತ್ತಿ ಹೀರಿಸಿ, ನೀರಿನಲ್ಲಿ ಒರೆಸಿ, ಆಮೇಲೆ ಮೂತ್ರದ ಅಂಶವನ್ನು ಒಡೆಯುವ ಎನ್‌ಜೈಮ್ ಇರುವ ಕ್ಲೀನರ್ ಹಾಕಿ ಹಾಗೇ ಬಿಡಿ. ಸುರಿದು ಕೂಡಲೇ ಒರೆಸಿದರೆ ಕೆಲಸ ಮಾಡುವುದಿಲ್ಲ. ಬ್ಲೀಚಿಂಗ್ ಪೌಡರ್ ಖಂಡಿತ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿ ಕೆಟ್ಟ ಹೊಗೆ ಏಳುತ್ತದೆ, ನಮಗೇ ಅಪಾಯ. ಕಲೆ ಎಲ್ಲಿ ಅಂತ ತಿಳಿಯದಿದ್ದರೆ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ಸಿಗುತ್ತದೆ, ರಾತ್ರಿ ದೀಪ ಆರಿಸಿ ನೋಡಿ, ಕಲೆ ಹೊಳೆಯುತ್ತದೆ. ಹತ್ತಿ ಹಾಸಿಗೆಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಬಿಸಿಲು ಬರುವ ತನಕ ಪ್ಲಾಸ್ಟಿಕ್ ಹೊದಿಸಿ, ಕೋಣೆ ಬಾಗಿಲು ಹಾಕಿಡಿ.

ಹೊಡೆಯಬೇಡಿ, ಮೂತಿ ಹಿಡಿದು ಉಚ್ಚೆಗೆ ತಿಕ್ಕಬೇಡಿ. ಬೆಕ್ಕು ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೊಯ್ಯುವುದನ್ನು, ಅಷ್ಟೆ.

ಮನೆಯಲ್ಲಿ ಬಸುರಿ ಇದ್ದರೆ ಟ್ರೇ ತೆಗೆಯುವ ಕೆಲಸ ಬೇರೆಯವರು ಮಾಡಲಿ. ಇಲಿ, ಹಸಿ ಮಾಂಸ ತಿನ್ನುವ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ತೊಂದರೆ. ಹೊರಬಿದ್ದ ಮಲ ಸೋಂಕು ಹರಡುವ ಹಂತಕ್ಕೆ ಬರಲು ಕಡಿಮೆ ಅಂದರೂ ಒಂದು ದಿನ ಬೇಕು. ದಿನಾ ತೆಗೆದು ಕೈ ತೊಳೆದುಕೊಂಡರೆ ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯ ಬರುವುದಿಲ್ಲ. ನಮಸ್ಕಾರ.