ಹೊಗಳುಭಟ್ಟರ ಬಿಲ್ ಎಲ್ಲಿ?

ನಮಸ್ಕಾರ, ಬನ್ನಿ ಬನ್ನಿ. ಇವತ್ತು ರಸ್ತೆ ಗುಂಡಿಗಳ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಬರೆದು ಇಟ್ಟಿದ್ದೆ. ಆದರೆ ಬೆಳಗ್ಗೆ ಕಾಫಿ ಹಿಡಿದುಕೊಂಡು ಕಾಮೆಂಟ್ ನೋಡಿದೆ. ನೋಡಬಾರದಿತ್ತು. ಕಾಫಿ ಆರಿಹೋಯಿತು, ತಲೆ ಬಿಸಿಯಾಯಿತು.

ಹೋದ ವಾರ ದೇವನಹಳ್ಳಿ ರೈತರ ಬಗ್ಗೆ ವಿಡಿಯೋ ಮಾಡಿದ್ದೆನಲ್ಲ, ಅದರ ಕೆಳಗೆ ಒಬ್ಬ ಮಹಾಶಯ ಬರೆದಿದ್ದಾರೆ: "ಎಷ್ಟು ಪೇಮೆಂಟ್ ಬಂತು ಬ್ರೋ?" ಅಷ್ಟೇ. ನಾಲ್ಕು ಪದ. ಅದಕ್ಕೆ ಬಿದ್ದಿರುವ ಲೈಕು ನನ್ನ ವಿಡಿಯೋಗೂ ಬಿದ್ದಿಲ್ಲ ಮಾರಾಯ್ರೆ.

ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಸೊನ್ನೆ. ಪೆಟ್ರೋಲ್ ನನ್ನದು, ದಾರಿಯಲ್ಲಿ ತಿಂದ ತಟ್ಟೆ ಇಡ್ಲಿಯೂ ನನ್ನ ದುಡ್ಡಿನದ್ದೇ.

ಆದರೆ ನನಗೆ ಆ ಪ್ರಶ್ನೆಯ ಮೇಲೆ ಸಿಟ್ಟಿಲ್ಲ. ಪ್ರಶ್ನೆ ಚೆನ್ನಾಗಿದೆ. ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಯಬೇಕು. ನನ್ನ ತಕರಾರು ಒಂದೇ. ಈ ಪ್ರಶ್ನೆಯನ್ನು ನೀವು ತೆಗಳುವವರಿಗೆ ಮಾತ್ರ ಕೇಳುತ್ತೀರಿ. ಹೊಗಳುವವರಿಗೆ ಯಾವಾಗ ಕೇಳಿದ್ದೀರಿ? ಸರ್ಕಾರದ ತಪ್ಪು ಹೇಳಿದರೆ "ಎಷ್ಟು ತಗೊಂಡೆ?" ಹೊಗಳಿದರೆ "ಎಷ್ಟು ಚೆನ್ನಾಗಿ ಹೇಳಿದ್ರಿ ಸಾರ್!" ಎರಡರಲ್ಲೂ 'ಎಷ್ಟು' ಇದೆ. ಲೆಕ್ಕ ಮಾತ್ರ ಒಂದೇ ಕಡೆ.

ಆ ದೇವನಹಳ್ಳಿಯನ್ನೇ ನೋಡಿ. ಚನ್ನರಾಯಪಟ್ಟಣ ಹೋಬಳಿ, 13 ಹಳ್ಳಿ, 1,777 ಎಕರೆ. ಏರೋಸ್ಪೇಸ್ ಪಾರ್ಕ್‌ಗೆ ಜಮೀನು ಬೇಕು ಅಂದರು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಶುರುವಾದಾಗ ಬಿಜೆಪಿ ಸರ್ಕಾರ. ಆಮೇಲೆ ಕಾಂಗ್ರೆಸ್ ಬಂತು. ರೈತರು ಅಲ್ಲೇ ಕೂತಿದ್ದರು. ಮೂರು ವರ್ಷದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಸಾವಿರ ದಿನಕ್ಕಿಂತ ಜಾಸ್ತಿ ಆಗಿತ್ತು! ಅಷ್ಟು ದಿನದಲ್ಲಿ ಟಿವಿ ಕ್ಯಾಮೆರಾ ಎಷ್ಟು ಸಲ ಅತ್ತ ತಿರುಗಿತು? ನಾನಂತೂ ಈ ಕಾಲದಲ್ಲಿ ಟಿವಿ ಹಾಕಿದಾಗೆಲ್ಲ ನಟನೊಬ್ಬನ ಜೈಲಿನ ಊಟದ ಮೆನು ನೋಡಿದ್ದೇನೆ. ಮುದ್ದೆ ಎಷ್ಟು, ಚಪಾತಿ ಎಷ್ಟು, ಬಾಯಿಪಾಠ ಆಗಿದೆ.

ಇನ್ನು ರೈತರಿಗೆ ಬಂದ ಪ್ರಶ್ನೆ ಯಾವುದು? "ಹಿಂದೆ ಯಾರಿದ್ದಾರೆ? ಟೆಂಟ್ ಯಾರದ್ದು? ಊಟ ಯಾರು ಕೊಡ್ತಾರೆ?" ಅಲ್ಲಾ ಸ್ವಾಮಿ, ರೈತನಿಗೆ ಊಟ ಯಾರು ಕೊಡುತ್ತಾರೆ ಅಂತ ಕೇಳುತ್ತೀರಲ್ಲ, ನಿಮಗೆ ಯಾರು ಕೊಡುತ್ತಿದ್ದಾರೆ?

ಸರಿ, ಉಸಿರು ತಗೊಳ್ಳುತ್ತೇನೆ. ಡಾಕ್ಟರು ಬಿಪಿ ಅಂದಿದ್ದಾರೆ.

ಇದು ಹೊಸ ರೋಗ ಏನಲ್ಲ. ಇಂದಿರಾ ಗಾಂಧಿ ಕಾಲದಲ್ಲಿ ಇದಕ್ಕೆ 'ವಿದೇಶಿ ಕೈ' ಅಂತ ಹೆಸರಿತ್ತು. ಎಮರ್ಜೆನ್ಸಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅವರಿಗೆ ಆಸ್ತಮಾ. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಅದೇ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಮಾಡಬೇಕಾದರೆ ಅಲ್ಲೇ ಹೋಗಿ ಮಾಡಿ ಅಂತ ನಿಯಮ. ಜೈಲನ್ನೇ ಪ್ರತಿಭಟನೆಯ ಜಾಗ ಮಾಡಿದ್ದಾರೆ, ಕನಿಷ್ಠ ಪ್ರಾಮಾಣಿಕರು.

ಕೈ ಹೋಯಿತು, ಕಿಟ್ ಬಂತು. 2021ರ ಫೆಬ್ರವರಿ. ದೆಹಲಿ ಗಡಿಯ ರೈತ ಹೋರಾಟದ ಟೂಲ್‌ಕಿಟ್ ತಿದ್ದಿದಳು ಅಂತ ಬೆಂಗಳೂರಿನ 22 ವರ್ಷದ ದಿಶಾ ರವಿಯನ್ನು ದೆಹಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಟೂಲ್‌ಕಿಟ್ ಅಂದರೆ ಹೋರಾಟಕ್ಕೆ ಹೇಗೆ ಬೆಂಬಲ ಕೊಡಬೇಕು ಅಂತ ಬರೆದ ಒಂದು ಗೂಗಲ್ ಡಾಕ್ಯುಮೆಂಟ್. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ಸರ್ಕಾರದ ನೀತಿ ಒಪ್ಪಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಲು ಆಗುವುದಿಲ್ಲ ಅಂತ ಜಡ್ಜ್ ಬರೆದರು. ಆಗ ಟಿವಿಯಲ್ಲಿ ಫಂಡಿಂಗ್, ಫಂಡಿಂಗ್, ಫಂಡಿಂಗ್. ಈಗ ಹೇಳಿ, ಸರ್ಕಾರವನ್ನು ಹೊಗಳುವ ಒಂದು ರೀಲ್‌ಗಾದರೂ ಯಾರಾದರೂ 'ಫಂಡಿಂಗ್ ಯಾರದ್ದು' ಅಂತ ಪ್ಯಾನೆಲ್ ಕೂರಿಸಿದ್ದಾರಾ?

ಆ ಫಂಡಿಂಗ್ ಹೇಗಿರುತ್ತದೆ ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ಒಂದು ಏಜೆನ್ಸಿಯಿಂದ ಫೋನ್. ಹೆಸರು ಬೇಡ. ಹುಡುಗಿ ಬಹಳ ನಯವಾಗಿ ಮಾತಾಡಿದಳು. "ಸಾರ್, ಮೂರು ರೀಲ್. ನಿಮ್ಮ ಏರಿಯಾದ ಹೊಸ ವೈಟ್ ಟಾಪಿಂಗ್ ರಸ್ತೆ ಬಗ್ಗೆ. ಸ್ಕ್ರಿಪ್ಟ್ ನಮ್ದು, ಹ್ಯಾಶ್‌ಟ್ಯಾಗ್ ನಮ್ದು, ಮುಖ ನಿಮ್ದು." ಕೊನೆಯಲ್ಲಿ ಒಂದು ಷರತ್ತು. 'ಪೇಯ್ಡ್' ಅಂತ ಹಾಕಬಾರದು. ಆರ್ಗ್ಯಾನಿಕ್ ಆಗಿ ಕಾಣಬೇಕಂತೆ. ಸೊಪ್ಪಿನ ಹಾಗೆ.

ನಾನು ಬೇಡ ಅಂದೆ. ದೊಡ್ಡ ಆದರ್ಶದಿಂದ ಅಲ್ಲ, ಸುಳ್ಳು ಯಾಕೆ ಹೇಳಲಿ. ದುಡ್ಡು ಕೇಳಿ ಒಂದು ಕ್ಷಣ ಇಎಂಐ ಕಣ್ಣ ಮುಂದೆ ಬಂತು. ಹೆಂಡತಿ ಕೇಳಿದ್ದು ಒಂದೇ ಮಾತು. "ನಾಳೆಯಿಂದ ಆ ರಸ್ತೆಯಲ್ಲಿ ಸ್ಕೂಟರ್ ಓಡಿಸೋದು ನಾನಲ್ವಾ?" ಮುಗೀತು. ಹದಿನೈದು ದಿನ ಆದ ಮೇಲೆ ನೋಡಿದರೆ ಅದೇ ರಸ್ತೆ, ಅದೇ ಸ್ಕ್ರಿಪ್ಟ್, ಐದು ಬೇರೆ ಬೇರೆ ಮುಖ. "ಫ್ರೆಂಡ್ಸ್, ನಾನು ನಂಬೋಕೇ ಆಗ್ತಿಲ್ಲ!" ಅಂತ ಐವರೂ ಶುರುಮಾಡಿದ್ದರು. ನನಗೂ ನಂಬೋಕೆ ಆಗಲಿಲ್ಲ.

ಈಗ ತಮಾಷೆ ಕೇಳಿ. ಇದೇ ಐವರು ತಲೆಗೆ ಹಚ್ಚುವ ಎಣ್ಣೆ ಮಾರಿದರೆ 'ಇದು ಜಾಹೀರಾತು' ಅಂತ ಹೇಳಲೇಬೇಕು. ಕೇಂದ್ರದ ಗ್ರಾಹಕ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. ಯಾವ ಭಾಷೆಯಲ್ಲಿ ಮಾರುತ್ತೀರೋ ಅದೇ ಭಾಷೆಯಲ್ಲಿ ಹೇಳಬೇಕು. ಜನರನ್ನು ದಾರಿ ತಪ್ಪಿಸಿದರೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಎಣ್ಣೆಗೆ, ಸೋಪಿಗೆ, ಪ್ರೋಟೀನ್ ಪೌಡರ್‌ಗೆ! ಮಂತ್ರಿಯನ್ನು ಮಾರಿದರೆ? ಜಾಹೀರಾತಿನ ದೂರು ನೋಡುವ ಎಎಸ್‌ಸಿಐ ಕೂಡ ರಾಜಕೀಯ ಜಾಹೀರಾತು ನಮ್ಮ ವ್ಯಾಪ್ತಿಯಲ್ಲಿಲ್ಲ ಅನ್ನುತ್ತದೆ. ಕೂದಲು ಉದುರಿದರೆ ಕೇಳಲು ಜನ ಇದ್ದಾರೆ. ವೋಟು ಉದುರಿದರೆ ಯಾರೂ ಇಲ್ಲ.

ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಾರಲ್ಲ ಎಲೆಕ್ಷನ್ ಕರಪತ್ರ, ಅದರ ಕೆಳಗೆ ಇರುವೆ ಗಾತ್ರದ ಅಕ್ಷರ ಗಮನಿಸಿದ್ದೀರಾ? ಮುದ್ರಕರು, ಪ್ರಕಾಶಕರು, ವಿಳಾಸ. ಜನಪ್ರತಿನಿಧಿ ಕಾಯ್ದೆಯ 127ಎ. ಹಾಕದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ನಾವು ಕಡಲೆಕಾಯಿ ಕಟ್ಟುವ ಆ ಚೀಟಿಗೆ ಅಪ್ಪ ಅಮ್ಮನ ಹೆಸರಿದೆ. ಹತ್ತು ಲಕ್ಷ ಜನ ನೋಡುವ ರೀಲ್ ಮಾತ್ರ ಅನಾಥ ಶಿಶು.

"ಚುನಾವಣಾ ಆಯೋಗದ ನಿಯಮ ಇದೆಯಲ್ಲ" ಅಂತ ಕಾನೂನು ಓದಿದವರು ಬರೆಯುತ್ತಾರೆ. ಇದೆಯಪ್ಪ. 2013ರಿಂದಲೇ ಇದೆ. ಸೋಷಿಯಲ್ ಮೀಡಿಯಾ ಜಾಹೀರಾತಿಗೆ ಮೊದಲೇ ಒಪ್ಪಿಗೆ ಬೇಕು, ಖರ್ಚು ಲೆಕ್ಕಕ್ಕೆ ಬರಬೇಕು. ಆದರೆ ಅದು ಜಾಹೀರಾತು ಅಂತ ಒಪ್ಪಿಕೊಂಡರೆ ತಾನೆ? "ಅಭಿಮಾನಕ್ಕೆ ಹೇಳಿದೆ" ಅಂದರೆ ಮುಗಿಯಿತು. ಐದು ಜನಕ್ಕೆ ಒಂದೇ ದಿನ, ಒಂದೇ ವಾಕ್ಯದಲ್ಲಿ ಅಭಿಮಾನ ಉಕ್ಕಿತಂತೆ. ಹಾಲು ಕೂಡ ಹಾಗೆ ಉಕ್ಕುವುದಿಲ್ಲ.

ಇನ್ನೊಂದು ವಾದ, "ಆ ಪಕ್ಷದವರೂ ಮಾಡ್ತಾರೆ." ಹೌದು! ಅದನ್ನೇ ಅಲ್ವಾ ಹೇಳುತ್ತಿರುವುದು? ಉತ್ತರ ಪ್ರದೇಶ ಸರ್ಕಾರ 2024ರಲ್ಲಿ ಡಿಜಿಟಲ್ ನೀತಿ ತಂದಿತು. ಸರ್ಕಾರದ ಯೋಜನೆಗಳ ಬಗ್ಗೆ ವಿಡಿಯೋ ಮಾಡುವ ಯೂಟ್ಯೂಬರ್‌ಗೆ ತಿಂಗಳಿಗೆ 8 ಲಕ್ಷದವರೆಗೆ. ಅದೇ ನೀತಿಯಲ್ಲಿ ದೇಶವಿರೋಧಿ ಪೋಸ್ಟ್ ಹಾಕಿದರೆ ಕಾನೂನು ಕ್ರಮ. ನಮ್ಮ ಕರ್ನಾಟಕವೂ ಅದೇ ವರ್ಷ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದಿತು. ಮರುವರ್ಷ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಬಂತು. ಅದರಲ್ಲಿ ಏಳು ವರ್ಷದವರೆಗೆ ಜೈಲು. ಅಲ್ಲಿ ಬಿಜೆಪಿ, ಇಲ್ಲಿ ಕಾಂಗ್ರೆಸ್. ಒಂದು ಕೈಯಲ್ಲಿ ಚೆಕ್ಕು, ಇನ್ನೊಂದು ಕೈಯಲ್ಲಿ ಕೋಳ. ಬಾ ಮಗ, ಯಾವುದು ಬೇಕು ಆರಿಸಿಕೋ.

ಹೀಗೆ ಹೇಳಿದ್ದಕ್ಕೆ ಈಗ ಎರಡೂ ಕಡೆಯವರು ಅನ್‌ಸಬ್‌ಸ್ಕ್ರೈಬ್ ಮಾಡುತ್ತಾರೆ. ಇರಿ ಇರಿ, ಹೋಗುವ ಮುಂಚೆ ಒಂದು ಲೈಕ್ ಒತ್ತಿ ಹೋಗಿ.

ಹೆಸರು ಹೇಳದೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಇತ್ತಲ್ಲ, ಆ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು? 2024ರ ಫೆಬ್ರವರಿ 15. ಐವರು ನ್ಯಾಯಮೂರ್ತಿಗಳು. ಪಕ್ಷಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿಯುವ ಹಕ್ಕು ಮತದಾರನಿಗಿದೆ ಅಂದರು. ಪಕ್ಷಕ್ಕೆ ಬರುವ ದುಡ್ಡು ನನಗೆ ಗೊತ್ತಾಗಬೇಕು, ಪಕ್ಷದಿಂದ ರೀಲ್‌ಗೆ ಹೋಗುವ ದುಡ್ಡು ಗೊತ್ತಾಗಬಾರದಾ? ನಲ್ಲಿಗೆ ಮೀಟರ್, ಮೋರಿಗೆ ಇಲ್ಲ.

ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಅನ್ನುತ್ತಿದ್ದೀರಿ, ಗೊತ್ತು. ಹಾಡುತ್ತೇನೆ. ಹೊಗಳುವವರನ್ನೂ ಕೇಳಿ! ರಾಜರ ಕಾಲದಲ್ಲಿ ಬಹುಪರಾಕ್ ಹೇಳುವವನಿಗೆ ಸಂಬಳ ಯಾರು ಕೊಡುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಅವನು "ಫ್ರೆಂಡ್ಸ್, ನಾನು ನಂಬೋಕೇ ಆಗ್ತಿಲ್ಲ" ಅನ್ನುತ್ತಿರಲಿಲ್ಲ. ಆ ಹೊಗಳುಭಟ್ಟ ಮರ್ಯಾದಸ್ಥ!

ಲಂಕೇಶ್ ಪತ್ರಿಕೆ 1980ರಲ್ಲಿ ಶುರುವಾಯಿತು. ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗರು ಕೊಟ್ಟ ಕಾಸಿನಲ್ಲಿ ನಡೆಯಿತು. ನಾನು ಲಂಕೇಶ್ ಅಲ್ಲ. ಗಡ್ಡ ಬಿಟ್ಟರೂ ಆಗುವುದಿಲ್ಲ, ಟ್ರೈ ಮಾಡಿದ್ದೇನೆ. ಆದರೆ ಮೆಂಬರ್‌ಶಿಪ್ ತಿಂಗಳಿಗೆ 59 ರೂಪಾಯಿ, ಲಿಂಕ್ ಕೆಳಗಿದೆ. ಒಂದು ಮಸಾಲೆ ದೋಸೆ ಬರಲ್ಲ ಅಷ್ಟಕ್ಕೆ. ಮೆಂಬರ್ಸ್‌ಗೆ ಭಾನುವಾರ ಲೈವ್ ಇದೆ. ನಾನು, ನನ್ನ ಕಾಫಿ, ನಿಮ್ಮ ಬೈಗುಳ.

"ಇನ್ಫ್ಲುಯೆನ್ಸರ್ ಕೂಡ ಬದುಕಬೇಕಲ್ವಾ?" ಬದುಕಲಿ! ಹೊಗಳಲಿ! ದಿನಾ ಹೊಗಳಲಿ! ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಬರೆಯಲಿ, 'ದುಡ್ಡು ಕೊಟ್ಟಿದ್ದಾರೆ' ಅಂತ. ಅಷ್ಟೇ ಸ್ವಾಮಿ ನಾನು ಕೇಳುತ್ತಿರುವುದು! ಅಷ್ಟಕ್ಕೆ ನನ್ನನ್ನು ದೇಶದ್ರೋಹಿ ಅಂದರೆ ಅಂದುಕೊಳ್ಳಿ, ಏನು ಮಾಡುತ್ತೀರಿ? ಮಾಡಿ! ಕಾಮೆಂಟ್ ಮಾಡಿ! ಅದರಿಂದಲೂ ವ್ಯೂಸ್ ಬರುತ್ತದೆ!

ಏನಮ್ಮ? ಹಾಂ. ಪಕ್ಕದ ಮನೆಯವರು ಮಗು ಮಲಗಿದೆ ಅನ್ನುತ್ತಿದ್ದಾರಂತೆ.

ಸರಿ, ಮೆತ್ತಗೆ ಹೇಳುತ್ತೇನೆ. ಈ ವಿಡಿಯೋಗೆ ದುಡ್ಡು ಕೊಟ್ಟವರು ನಮ್ಮ ಬೀದಿಯ ಮರದ ಗಾಣದವರು. ಜಾಹೀರಾತು ಇದು, ಕನ್ನಡದಲ್ಲೇ ಹೇಳಿದ್ದೇನೆ. ಎರಡು ಲೀಟರ್ ಶೇಂಗಾ ಎಣ್ಣೆ, ಜೊತೆಗೆ ಸ್ವಲ್ಪ ದುಡ್ಡು. ಎಣ್ಣೆ ಚೆನ್ನಾಗಿದೆ, ನಿನ್ನೆ ಬಜ್ಜಿ ಮಾಡಿದೆವು. ಅಂದ ಹಾಗೆ ಗಾಣದವರ ಅಣ್ಣನಿಗೆ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ಲುವ ಆಸೆಯಂತೆ. ಮೊನ್ನೆ ಎಣ್ಣೆ ಕೊಡುವಾಗ ಹೇಳಿದರು. ಆಗ ನಾನು ಸುಮ್ನೆ ತಲೆ ಆಡಿಸಿಬಿಟ್ಟೆ.

ಏಯ್, ಅದನ್ನು ಕಟ್ ಮಾಡಬೇಡ ಕಣೋ. ಇರಲಿ ಬಿಡು. ಗುಂಡಿ ವಿಡಿಯೋ ಬುಧವಾರ.